ಗಂಟಿನ ದಾರ

ಜೈಲೂ ಅನ್ನುತ್ತಾರೆ ಕಿರ್ಗಿಜ್ ಜನ,
ಬೇಲಿಯೇ ಇಲ್ಲದ ಬೇಸಿಗೆಯ ಹುಲ್ಲುಗಾವಲಿಗೆ.
ಅಲ್ಲಿ ಬುರುಲ್ಸುನಳ ಉಣ್ಣೆಗುಡಾರ,
ಹದಿನಾರು ಕುದುರೆ, ಎಣಿಸಿದಷ್ಟೂ ತಪ್ಪುವ ಕುರಿ,
ಬಿಸಿಲಿಗೆ ಹರವಿದ ಮೊಸರುಂಡೆ.

ಸಿಗ್ನಲ್ಲು ಮಾತ್ರ ಗುಡ್ಡದ ಮೇಲೆ,
ಅದೂ ಒಂದೇ ಬಂಡೆಯಲ್ಲಿ,
ಅದೂ ನರಿನ್ ಊರಿನ ಕಡೆ ಮುಖಮಾಡಿ
ಎಡಗೈ ಎತ್ತಿ ನಿಂತರೆ.

ಹಗಲೆಲ್ಲ ಅವಳ ಸೊಂಟದಲ್ಲೊಂದು ಕೆಂಪು ಉಣ್ಣೆದಾರ.
ಕೇಳಬೇಕಾದ್ದು ನೆನಪಾದಾಗಲೆಲ್ಲ ಒಂದು ಗಂಟು:
ಓಶ್‌ನಲ್ಲಿರುವ ತಂಗಿಯ ಕಣ್ಣಿನ ಪೊರೆ ತೆಗೆದರೇ?
ಉಣ್ಣೆಗೆ ಈ ವಾರ ಎಷ್ಟು?
ಜುಮಾಗುಲ್ ಹೆತ್ತದ್ದು ಹೆಣ್ಣೋ ಗಂಡೋ?
ಸಂಜೆ ಹಾಲು ಕರೆದಿಟ್ಟು, ತಲೆವಸ್ತ್ರದಲ್ಲಿ ಫೋನು ಸುತ್ತಿ,
ಮಂಡಿ ಹಿಡಿದುಕೊಂಡು ಹತ್ತುತ್ತಿದ್ದಳು.
ಒಂದೊಂದೇ ಕೇಳಿ, ಒಂದೊಂದೇ ಬಿಚ್ಚಿ,
ದಾರ ನೇರವಾದ ಮೇಲೆ ಇಳಿಯುತ್ತಿದ್ದಳು
ಕತ್ತಲಿಗೆ ಮುಂಚೆ.

ಒಂದು ರಾತ್ರಿ ಕಂದುಕುದುರೆಯ ಹೆರಿಗೆ ನಡುವೆಯೇ ನಿಂತಿತು.
ಮರಿಯ ಒಂದು ಕಾಲು ಹೊರಗೆ, ಇನ್ನೊಂದರ ಸುಳಿವಿಲ್ಲ.
ಮೊಮ್ಮಗ ಟಿಲೆಕ್ ಫೋಟೊ ತೆಗೆದು ಗುಡ್ಡಕ್ಕೆ ಓಡಿದ.
ಎಲ್ಲೋ ಮದುವೆಯೂಟದಲ್ಲಿದ್ದ ದನದ ಡಾಕ್ಟರು ಎಸೆನ್‌ಬೆಕ್
ಬಾಯಲ್ಲಿ ಮಾಂಸ ಇಟ್ಟುಕೊಂಡೇ ಹೇಳಿದ:
‘ಹೊರಗಿನ ಕಾಲನ್ನು ಒಳಕ್ಕೆ ತಳ್ಳು, ಆಮೇಲೆ ಇನ್ನೊಂದನ್ನು ಹುಡುಕು.’
ಮೇಲಿಂದ ಹುಡುಗ ಕೂಗಿದ,
ಕೆಳಗೆ ಅಜ್ಜಿ ಮೊಣಕೈವರೆಗೆ ಕೈ ಹಾಕಿದಳು.
ಹುಟ್ಟಿದ್ದಕ್ಕೆ ಸಿಮ್ಕಾ ಎಂದು ಹೆಸರು, ಸಿಮ್ ಕಾರ್ಡಿನ ನೆನಪಿಗೆ.
ಕರೆದರೆ ಬರುವ ಜಾತಿಯಲ್ಲ ಅದು.

ಮುಂದಿನ ಬೇಸಿಗೆ ಕಣಿವೆಗೇ ಟವರು ಬಂತು.
ಗಂಟು ಹಾಕುವ ಕೆಲಸ ತಪ್ಪಿತು;
ಲೋಕವೇ ಬಂದು ಅವಳಿಗೆ ಗಂಟುಬಿತ್ತು.
ದಿಂಬಿನ ಪಕ್ಕ ರಾತ್ರಿಯಿಡೀ ಮಿಂಚುಹುಳು.
ಯಾರದೋ ಮದುವೆಯ ಕುಣಿತ.
ಬೆಳ್ಳುಳ್ಳಿಯಿಂದ ವಾಸಿಯಾಗುವ ಹನ್ನೊಂದು ರೋಗ.
ಗುಲಾಬಿಯ ಮೇಲೆ ಶುಭೋದಯ. ಬೆಕ್ಕು. ಯಾರೋ ತಿಂದ ಊಟ.
ಓದಲು ಬಾರದ ಹೆಸರಿನ ಊರಲ್ಲಿ, ಕುಸಿದ ಮನೆಯ ಮುಂದೆ,
ಒಂದೇ ಚಪ್ಪಲಿಯಲ್ಲಿ ನಿಂತ ಹುಡುಗಿ.

ಬುರುಲ್ಸುನ್ ಎದುರು ಬಂದವರನ್ನು ಮಾತಾಡಿಸದೆ ಬಿಟ್ಟವಳಲ್ಲ.
ಕುಣಿತಕ್ಕೆ ನಕ್ಕಳು, ಹುಡುಗಿಗೆ ಅತ್ತಳು,
ಅಳು ಮುಗಿಯುವ ಮೊದಲೇ ಬೆಕ್ಕಿಗೆ ನಗು ಬಂದು
ತನಗೇ ನಾಚಿಕೆಯಾಯಿತು.
ಒಲೆಯ ಮೇಲೆ ಹಾಲು ಉಕ್ಕಿ ಸೀಯಿತು.

ಅವತ್ತಿನ ಮುನ್ನೂರ ಹನ್ನೆರಡು ಸಂದೇಶಗಳಲ್ಲಿ
ಅಳಿಯನದೂ ಒಂದಿತ್ತು, ಗುಲಾಬಿಗೂ ಬೆಕ್ಕಿಗೂ ನಡುವೆ:
‘ಸೇತುವೆಯ ಹಲಗೆ ಕೊಚ್ಚಿಹೋಗಿದೆ, ಇವತ್ತು ಹೊರಡಬೇಡಿ.’
ಹೊರಟಳು.
ಹಿಂತಿರುಗುವಾಗ ಕತ್ತಲೆ, ಆಲಿಕಲ್ಲು,
ಒಂದು ಕುರಿಮರಿ ಕಡಿಮೆ.

ಫೋನನ್ನು ಅವಳೇನೂ ಹೊಳೆಗೆ ಎಸೆಯಲಿಲ್ಲ.
ತಂಗಿಯ ಹೊಸ ಕಣ್ಣು ಅದರಲ್ಲಿದೆ,
ಎಸೆನ್‌ಬೆಕ್‌ನ ತುಂಬಿದ ಬಾಯಿ ಅದರಲ್ಲಿದೆ.
ಟಿಲೆಕ್‌ನನ್ನು ಕೂರಿಸಿಕೊಂಡು
ಅಳಿಯ, ತಂಗಿ, ಡಾಕ್ಟರು, ಮೂವರಿಗಷ್ಟೇ ಗಂಟಲು ಬಿಟ್ಟು
ಉಳಿದವರನ್ನೆಲ್ಲ ಮೂಕರಾಗಿಸಿ,
ಕುದುರೆಹಾಲಿನ ತೊಗಲುಚೀಲದ ಪಕ್ಕ ತೂಗುಹಾಕಿದಳು.
ಪೆಟ್ಟಿಗೆ ತಡಕಿ ಕೆಂಪು ದಾರ ತೆಗೆದಳು.

ಸಂಜೆ ಮತ್ತೆ ಗುಡ್ಡ.
‘ಅಜ್ಜೀ, ಸಿಗ್ನಲ್ಲು ಇಲ್ಲೇ ಇದೆ!’
ಹುಡುಗನ ನಗು ಬೆನ್ನಟ್ಟಿ ಬಂತು.
‘ಸಿಗ್ನಲ್ಲು ಅಲ್ಲೂ ಸಿಗುತ್ತೆ ಕಣೋ,
ನಾನು ಸಿಗೋದು ಇಲ್ಲಿ.’
ಅವನು ತಲೆ ಕೆರೆದುಕೊಂಡ.

ಬಂಡೆಯ ಮೇಲೆ ಕೂತು ಬಿಚ್ಚುತ್ತಾಳೆ.
ಹಲಗೆ ಹಾಕಿದರೇ? ಹಾಕಿದರು.
ಉಣ್ಣೆ? ಇಳಿದಿದೆ, ಹಾಳಾಗಲಿ.
ಜುಮಾಗುಲ್‌ಳ ಕೂಸಿಗೆ ಹಲ್ಲು? ಒಂದೂವರೆ.
ಕೊನೆಯದೊಂದು ಹಾಗೇ ಉಳಿಯುತ್ತದೆ, ದಿನಾ.

ಒಂಟಿ ಚಪ್ಪಲಿಯ ಆ ಹುಡುಗಿ,
ಇನ್ನೊಂದು ಸಿಕ್ಕಿತೇ ಎಂದು ಕೇಳಲು
ಯಾರ ನಂಬರೂ ಇವಳಲ್ಲಿಲ್ಲ.
ಗಂಟನ್ನು ಹೆಬ್ಬೆರಳಲ್ಲಿ ಸವರಿ,
ದಾರವನ್ನು ಸೊಂಟಕ್ಕೆ ಸಿಕ್ಕಿಸಿ,
ಮಂಡಿ ಹಿಡಿದುಕೊಂಡು ಇಳಿಯುತ್ತಾಳೆ.